ಹೆದರಿಸಿದರೆ ಜನ ಮಾಸ್ಕ್ ಹಾಕುತ್ತಾರಾ?

2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ, ಮಹಾಸಾಂಕ್ರಾಮಿಕ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 19ರಿಂದ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ತಿದ್ದುಪಡಿಗಳೂ ಜಾರಿಗೆ ಬಂದವು. ಸುದ್ದಿ ಇಷ್ಟೇ. ಆದರೆ ಮೊಬೈಲಿನಿಂದ ಮೊಬೈಲಿಗೆ ಹೋಗುವಷ್ಟರಲ್ಲಿ ಅದು ಎರಡು ತದ್ವಿರುದ್ಧ ರೂಪ ತಾಳಿತು. ಇನ್ನು ಮುಂದೆ ಜಿನೀವಾದಲ್ಲಿ, ಆ ಸಂಸ್ಥೆಯ ಕಚೇರಿಯಲ್ಲಿ ಕೂತವರು ಹೇಳಿದ ಕೂಡಲೇ ಎಲ್ಲ ದೇಶಗಳೂ ಲಾಕ್‌ಡೌನ್ ಮಾಡಬೇಕು, ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕು ಅಂತ ಒಂದು ಕಡೆ. ಇದೆಲ್ಲ ಬರೀ ಕಾಗದ, ಇದರಿಂದ ಏನೂ ಆಗಲ್ಲ ಅಂತ ಇನ್ನೊಂದು ಕಡೆ. ಇದರ ಜೊತೆಗೆ "ಮಾಸ್ಕ್‌ನಿಂದ ಉಪಯೋಗವೇ ಇರಲಿಲ್ಲ ಅಂತ ಸಂಶೋಧನೆ ಹೇಳಿದೆಯಂತಲ್ಲ" ಅನ್ನುವ ಹಳೆಯ ಮಾತೂ ಮತ್ತೆ ಓಡಾಡುತ್ತಿದೆ.

ಈ ಗಲಾಟೆಯ ಅಡಿಯಲ್ಲಿ ಒಂದು ಪ್ರಶ್ನೆ ಹೂತುಹೋಗಿದೆ. ಹೊಸ ರೋಗ ಹರಡುವಾಗ ಕೆಲವರು ಮಾಸ್ಕ್ ಹಾಕುತ್ತಾರೆ, ಕೈ ತೊಳೆಯುತ್ತಾರೆ, ಲಸಿಕೆಗೆ ಸಾಲು ನಿಲ್ಲುತ್ತಾರೆ. ಇನ್ನು ಕೆಲವರು ಇದ್ಯಾವುದನ್ನೂ ಮಾಡಲ್ಲ. ಯಾಕೆ? ಭಯವಾ, ತಿಳಿವಳಿಕೆಯಾ, ದಂಡವಾ, ಅಥವಾ ಬೇರೇನಾದರೂ ಇದೆಯಾ?

## ಒಪ್ಪಂದದಲ್ಲಿ ಇರುವುದೇನು

ಮೊದಲು ಗೊಂದಲ ಬಿಡಿಸಿಬಿಡೋಣ. ಲಾಕ್‌ಡೌನ್ ಹೇರುವ, ಲಸಿಕೆ ಕಡ್ಡಾಯ ಮಾಡುವ, ಪ್ರಯಾಣಿಕರನ್ನು ತಡೆಯುವ ಅಧಿಕಾರವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಈ ಒಪ್ಪಂದ ಕೊಡುವುದಿಲ್ಲ. ಕೊಡುವುದಿಲ್ಲ ಅಂತ ಒಪ್ಪಂದದಲ್ಲೇ ಬರೆದಿದೆ. ಅದು ಜಾರಿಯಾಗಬೇಕಾದರೆ ರೋಗಾಣು ಮಾದರಿಗಳ ಹಂಚಿಕೆ ಕುರಿತ ಅನುಬಂಧಕ್ಕೆ ಒಪ್ಪಿಗೆ ಸಿಗಬೇಕು, ಆಮೇಲೆ 60 ದೇಶಗಳು ಅನುಮೋದಿಸಬೇಕು. ಹಾಗಂತ ಬರೀ ಕಾಗದವೂ ಅಲ್ಲ. ಜನ ಆರೋಗ್ಯ ಕ್ರಮಗಳನ್ನು ಯಾಕೆ ಪಾಲಿಸುತ್ತಾರೆ, ಯಾಕೆ ಪಾಲಿಸಲ್ಲ, ವಿಜ್ಞಾನದ ಮೇಲೆ ನಂಬಿಕೆ ಯಾಕೆ ಬರುತ್ತದೆ, ಯಾಕೆ ಹೋಗುತ್ತದೆ ಅನ್ನುವುದನ್ನು ದೇಶಗಳು ಅಧ್ಯಯನ ಮಾಡಿ ನೀತಿ ರೂಪಿಸಬೇಕು ಅನ್ನುವ ಮಾತೂ ಅದರಲ್ಲಿದೆ. ಹೊರಗಿನಿಂದ ಬಲವಂತ ಮಾಡುವವರು ಯಾರೂ ಇಲ್ಲ ಅಂದ ಮೇಲೆ, ಜನರನ್ನು ಒಪ್ಪಿಸುವ ಕೆಲಸ ಪೂರ್ತಿಯಾಗಿ ಆಯಾ ದೇಶದ ತಲೆ ಮೇಲೇ ಬಿತ್ತು.

## ಪುಕ್ಕಟೆ ಎಕ್ಸ್‌ರೇಗೂ ಜನ ಬರಲಿಲ್ಲ

ಈ ಪ್ರಶ್ನೆ ಕೋವಿಡ್ ಜೊತೆ ಹುಟ್ಟಿದ್ದಲ್ಲ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಗೆ ಒಂದು ತಲೆನೋವಿತ್ತು. ಕ್ಷಯ ಪತ್ತೆಗೆ ಎಕ್ಸ್‌ರೇ ವ್ಯಾನುಗಳು ಜನರ ಹತ್ತಿರಕ್ಕೇ ಹೋಗುತ್ತಿದ್ದವು. ದುಡ್ಡೂ ಕೇಳುತ್ತಿರಲಿಲ್ಲ. ಆದರೂ ಬಹಳ ಜನ ಬರುತ್ತಿರಲಿಲ್ಲ. ಇಲಾಖೆಯ ಮನೋವಿಜ್ಞಾನಿ ಗಾಡ್‌ಫ್ರಿ ಹಾಕ್‌ಬಾಮ್ ಮೂರು ನಗರಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದರು. "ನನಗೂ ಕ್ಷಯ ಬರಬಹುದು" ಮತ್ತು "ಬೇಗ ಗೊತ್ತಾದರೆ ಒಳ್ಳೆಯದು" ಅಂತ ಎರಡನ್ನೂ ನಂಬಿದವರಲ್ಲಿ 82% ಮಂದಿ ತಾವಾಗಿಯೇ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ 21% ಮಾತ್ರ.

ಈ ಕೆಲಸದಿಂದ ಹುಟ್ಟಿದ್ದು ಆರೋಗ್ಯ ನಂಬಿಕೆ ಮಾದರಿ. ಅದರ ಪ್ರಕಾರ ಮನುಷ್ಯ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾನೆ. ಈ ರೋಗ ನನಗೆ ಬರುತ್ತಾ? ಬಂದರೆ ಎಷ್ಟು ಕೆಟ್ಟದ್ದು? ಇವರು ಹೇಳುತ್ತಿರುವ ಕ್ರಮದಿಂದ ಲಾಭ ಇದೆಯಾ? ಅದನ್ನು ಮಾಡೋದಕ್ಕೆ ತೊಂದರೆ ಎಷ್ಟು? ಲೆಕ್ಕ ಸರಿಹೋದರೂ ಸಾಲದು, ಎದ್ದು ಹೊರಡೋಕೆ ಒಂದು ನೆಪ ಬೇಕು. ಆಮೇಲೆ 1977ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಇನ್ನೊಂದನ್ನು ಮುಂದಿಟ್ಟರು: ಇದು ನನ್ನ ಕೈಲಿ ಆಗುತ್ತದೆ ಅನ್ನುವ ಭರವಸೆ. ಕೇಳೋಕೆ ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ಭಯದ ವಿಷಯಕ್ಕೆ ಬಂದಾಗ ಆಟ ಪೂರ್ತಿ ಬದಲಾಗುವುದು ಇದೊಂದರಿಂದಲೇ.

## ಭಯ ಎಲ್ಲಿಯವರೆಗೆ ಕೆಲಸ ಮಾಡುತ್ತದೆ

ಭಯಕ್ಕೆ ಬೆಲೆ ಇಲ್ಲ ಅನ್ನುವುದು ತಪ್ಪು. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಹತ್ತು ದೇಶಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ಅಪಾಯ ದೊಡ್ಡದು ಅಂದುಕೊಂಡವರೇ ಮುನ್ನೆಚ್ಚರಿಕೆಗಳನ್ನೂ ಜಾಸ್ತಿ ಪಾಲಿಸುತ್ತಿದ್ದೇವೆ ಅಂದಿದ್ದರು. ಹತ್ತೂ ದೇಶಗಳಲ್ಲಿ ಇದೇ ಕಥೆ. ಆದರೆ ಆ ಅಪಾಯದ ಭಾವನೆ ಬಂದದ್ದೆಲ್ಲಿಂದ? ಸಾವಿನ ಅಂಕಿ ನೋಡಿ ಮಾತ್ರ ಅಲ್ಲ. ಸ್ವಂತ ಅನುಭವ, ಸ್ನೇಹಿತರು ಮನೆಯವರು ಹೇಳಿದ ಮಾತು, ಬೇರೆಯವರ ಬಗ್ಗೆ ಇರುವ ಕಾಳಜಿ, ಇವುಗಳ ಪಾಲೂ ಇತ್ತು.

ಭಯ ಯಾವಾಗ ಕೈಕೊಡುತ್ತದೆ ಅನ್ನುವುದನ್ನು 1992ರಲ್ಲಿ ಸಂವಹನ ಸಂಶೋಧಕಿ ಕಿಮ್ ವಿಟ್ಟೆ ವಿವರಿಸಿದರು. ಹೆದರಿದ ಮನುಷ್ಯನ ಮುಂದೆ ಎರಡು ದಾರಿ ಇರುತ್ತವೆ. ಅಪಾಯವನ್ನು ಎದುರಿಸೋದು, ಇಲ್ಲವೇ ಭಯವನ್ನೇ ಓಡಿಸೋದು. ಮಾಡಬೇಕಾದ್ದು ಸ್ಪಷ್ಟವಾಗಿದ್ದು, ಅದು ತನ್ನ ಕೈಲಿ ಆಗುತ್ತದೆ ಅನ್ನಿಸಿದರೆ ಮೊದಲ ದಾರಿ ಹಿಡಿಯುತ್ತಾನೆ. ಕೈಲಾಗಲ್ಲ ಅನ್ನಿಸಿದರೆ ಭಯವನ್ನು ಓಡಿಸುವ ಕೆಲಸಕ್ಕೆ ಇಳಿಯುತ್ತಾನೆ. ಟಿವಿ ಆಫ್ ಮಾಡುತ್ತಾನೆ, "ಇದೆಲ್ಲ ಸುಮ್ನೆ ಹೆದರಿಸ್ತಾರೆ" ಅನ್ನುತ್ತಾನೆ, ರೋಗವೇ ಸುಳ್ಳು ಅನ್ನುವ ವಿಡಿಯೊ ಸಿಕ್ಕರೆ ಸಮಾಧಾನದಿಂದ ನೋಡುತ್ತಾನೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಕುಟುಂಬಕ್ಕೆ "ಸೋಂಕಿತರು ಬೇರೆ ಕೋಣೆಯಲ್ಲಿ ಇರಬೇಕು, ಇಲ್ಲದಿದ್ದರೆ ಎಲ್ಲರ ಪ್ರಾಣಕ್ಕೂ ಅಪಾಯ" ಅಂತ ಜಾಹೀರಾತು ತೋರಿಸಿದರೆ ಏನಾಗುತ್ತದೆ ಯೋಚಿಸಿ. ಭಯ ಪೂರ್ತಿ ತಲುಪುತ್ತದೆ, ಪರಿಹಾರ ಒಂದಿಷ್ಟೂ ತಲುಪುವುದಿಲ್ಲ. ಆ ಮನೆಯವರು ಜಾಹೀರಾತನ್ನೇ ನಂಬುವುದು ಬಿಟ್ಟರೆ ಅದು ಅವರ ದಡ್ಡತನ ಅಲ್ಲ.

ಭಯಕ್ಕೆ ಇನ್ನೊಂದು ಮಿತಿ ಇದೆ. ಅದು ಸವೆಯುತ್ತದೆ. ಆದರೆ ಇಲ್ಲೂ ಅವಸರದ ತೀರ್ಮಾನ ಬೇಡ. 2020ರ ಮಾರ್ಚ್‌ನಲ್ಲಿ ಬ್ರಿಟನ್‌ನಲ್ಲಿ, ನಿರ್ಬಂಧಗಳನ್ನು ಬೇಗ ತಂದರೆ ಜನ ಬೇಗ ಬೇಸತ್ತುಬಿಡುತ್ತಾರೆ ಅನ್ನುವ ವಾದ ಎದ್ದಿತು. ಅದಕ್ಕೆ ಪುರಾವೆ ಎಲ್ಲಿ ಅಂತ 600ಕ್ಕೂ ಹೆಚ್ಚು ವರ್ತನಾ ವಿಜ್ಞಾನಿಗಳು ಸರ್ಕಾರಕ್ಕೆ ಬಹಿರಂಗ ಪತ್ರ ಬರೆದರು. ಮುಂದೆ 14 ದೇಶಗಳ ಮಾಹಿತಿ ಸೇರಿಸಿ ನೋಡಿದಾಗ ಚಿತ್ರ ಬೇರೆಯೇ ಇತ್ತು. ದಿನ ಕಳೆದಂತೆ ಅಂತರ ಕಾಯುವುದು ಕಡಿಮೆಯಾಗಿತ್ತು, ಮಾಸ್ಕ್ ಬಳಕೆ ಮಾತ್ರ ಜಾಸ್ತಿಯಾಗಿತ್ತು. ಅಂದರೆ ಜನ ಎಲ್ಲದರಿಂದಲೂ ಒಂದೇ ಥರ ಬೇಸರಪಡುವುದಿಲ್ಲ. ನೆಂಟರು ಸ್ನೇಹಿತರಿಂದ ದೂರ ಇರುವುದು ದಿನದಿನಕ್ಕೂ ಕಷ್ಟವಾಗುತ್ತಾ ಹೋಗುತ್ತದೆ, ಮಾಸ್ಕ್ ದಿನದಿನಕ್ಕೂ ಅಭ್ಯಾಸವಾಗುತ್ತಾ ಹೋಗುತ್ತದೆ.

ಮುನ್ನೆಚ್ಚರಿಕೆಗೆ ಹುಟ್ಟಿನಿಂದಲೇ ಬಂದ ಒಂದು ಶಾಪವೂ ಇದೆ: ಅದು ಫಲ ಕೊಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಸೋಂಕು ಇಳಿದರೆ "ನೋಡಿ, ಏನೂ ಆಗಲಿಲ್ಲ, ಸುಮ್ನೆ ಹೆದರಿದೆವು" ಅನ್ನಿಸುತ್ತದೆ. ಏನೂ ಆಗದೇ ಇದ್ದದ್ದು ಮುನ್ನೆಚ್ಚರಿಕೆಯಿಂದ ಇರಬಹುದು ಅಂತ ಹೊಳೆಯುವುದು ಕಡಿಮೆ.

## ತಿಳಿಸಿ ಹೇಳಿದರೆ ಸಾಕೇ

ಸರ್ಕಾರಗಳ ಅಚ್ಚುಮೆಚ್ಚಿನ ಪದ "ಜಾಗೃತಿ". ಜನರಿಗೆ ಗೊತ್ತಿಲ್ಲ, ಗೊತ್ತುಮಾಡಿಸಿದರೆ ಮಾಡುತ್ತಾರೆ ಅನ್ನುವ ನಂಬಿಕೆ ಅದರ ಹಿಂದಿದೆ. ರೋಗ ಹೊಸದಾಗಿದ್ದಾಗ ಇದು ನಿಜವೂ ಹೌದು. ಆದರೆ ಕೆಲವು ವಾರ ಕಳೆದ ಮೇಲೆ ಕೈ ತೊಳೆಯಬೇಕು ಅಂತ ಗೊತ್ತಿಲ್ಲದವರು ಎಷ್ಟು ಜನ ಉಳಿದಿರುತ್ತಾರೆ?

2021ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಕೋವಿಡ್ ಲಸಿಕೆಗೆ ಅರ್ಹರಾದವರ ಮೊಬೈಲಿಗೆ ನೆನಪಿಸುವ ಸಂದೇಶ, ಅದರಲ್ಲೇ ಬುಕ್ಕಿಂಗ್ ಲಿಂಕ್. ಇಷ್ಟರಿಂದಲೇ ಲಸಿಕೆ ಪಡೆದವರ ಪ್ರಮಾಣ ಮೂರೂವರೆ ಶೇಕಡಾವಾರು ಅಂಶದಷ್ಟು ಏರಿತು. "ನಿಮ್ಮ ಲಸಿಕೆ ನಿಮಗಾಗಿ ಕಾಯುತ್ತಿದೆ" ಅನ್ನುವ ಧಾಟಿಯ ಮಾತು ಸೇರಿಸಿದಾಗ ಫಲ ಇನ್ನಷ್ಟು ಹೆಚ್ಚಿತು. ಆದರೆ ಲಸಿಕೆ ಯಾಕೆ ಬೇಕು ಅಂತ ವಿವರಿಸುವ ವಿಡಿಯೊ ಸೇರಿಸಿದ್ದರಿಂದ ಏನೂ ಹೆಚ್ಚಾಗಲಿಲ್ಲ. ಇಲ್ಲಿ ಕೆಲಸ ಮಾಡಿದ್ದು ಹೊಸ ತಿಳಿವಳಿಕೆ ಅಲ್ಲ. ಮಾಡಬೇಕು ಅಂದುಕೊಂಡು ಮುಂದೂಡುತ್ತಿದ್ದವರ ದಾರಿಯಿಂದ ಒಂದು ಕಲ್ಲು ತೆಗೆದದ್ದು.

ಇದಕ್ಕೂ ಒಂದು ಕೊನೆ ಇದೆ. ಆಮೇಲೆ ರೋಡ್ ಐಲೆಂಡ್ ರಾಜ್ಯದಲ್ಲಿ ಇದೇ ಬಗೆಯ ಸಂದೇಶಗಳನ್ನು ಪ್ರಯೋಗಿಸಿದರು. ಅಷ್ಟು ಹೊತ್ತಿಗೆ ಲಸಿಕೆ ಪಡೆಯದೆ ಉಳಿದಿದ್ದವರ ಮೇಲೆ ಅವು ಪರಿಣಾಮ ಬೀರಲಿಲ್ಲ. ಸೋಮಾರಿತನಕ್ಕೆ ಸಂದೇಶ ಮದ್ದಾದೀತು, ಸಂಶಯಕ್ಕೆ ಆಗದು.

## ಪಕ್ಕದವರು ಏನು ಮಾಡುತ್ತಿದ್ದಾರೆ

ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದು, ಮತ್ತು ಯಾರೂ ಒಪ್ಪಿಕೊಳ್ಳಲು ಇಷ್ಟಪಡದ್ದೂ ಇದೇ. ನಾವು ಇನ್ನೊಬ್ಬರನ್ನು ನೋಡಿ ಮಾಡುತ್ತೇವೆ. 2020ರಲ್ಲಿ ಜಪಾನಿನ ಸಂಶೋಧಕರು ಜನ ಮಾಸ್ಕ್ ಹಾಕಲು ಕಾರಣವೇನು ಅಂತ ಹುಡುಕಿದರು. ನನ್ನ ರಕ್ಷಣೆ, ಬೇರೆಯವರ ರಕ್ಷಣೆ ಅನ್ನುವ ಕಾರಣಗಳ ನಂಟು ದುರ್ಬಲವಾಗಿತ್ತು. ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು, ಬೇರೆಯವರೆಲ್ಲ ಹಾಕಿದ್ದಾರೆ ಅನ್ನುವುದು.

ಜಪಾನಿನವರು ಹಾಗೇ ಬಿಡಿ ಅನ್ನುವವರಿಗೆ ಬ್ರಿಟನ್‌ನ ಒಂದು ಪ್ರಯೋಗ ಹೇಳಬೇಕು. 2009ರಲ್ಲಿ ಪ್ರಕಟವಾದದ್ದು. ಹೆದ್ದಾರಿ ಬದಿಯ ಶೌಚಾಲಯಗಳ ಬಾಗಿಲಲ್ಲಿ ಒಂದು ಬೋರ್ಡ್, ಅದರಲ್ಲಿ ಆಗಾಗ ಬದಲಾಗುವ ಬರಹ. ಒಳಗೆ ಎಷ್ಟು ಜನ ಹೋದರು, ಸೋಪು ಎಷ್ಟು ಸಲ ಬಳಕೆಯಾಯಿತು ಅಂತ ಸೆನ್ಸರ್‌ಗಳು ಎಣಿಸುತ್ತಿದ್ದವು, ಯಾರನ್ನೂ ಕೇಳುವ ಪ್ರಮೇಯವೇ ಇರಲಿಲ್ಲ. ಹತ್ತಿರಹತ್ತಿರ ಎರಡು ಲಕ್ಷ ಸಲದ ಲೆಕ್ಕ. ಸೋಪಿನಿಂದ ಕೈ ತೊಳೆದ ಗಂಡಸರು ಸುಮಾರು 32%, ಹೆಂಗಸರು 64%. ತಿಳಿವಳಿಕೆಯ ಮಾತಿಗೆ ಹೆಂಗಸರು ಸ್ಪಂದಿಸಿದರು, ಗಂಡಸರಿಗೆ ಅಸಹ್ಯ ಹುಟ್ಟಿಸುವ ಮಾತೇ ಬೇಕಾಯಿತು. ಒಟ್ಟಾರೆ ಗೆದ್ದದ್ದು ಒಂದು ಪ್ರಶ್ನೆ: "ನಿಮ್ಮ ಪಕ್ಕದವರು ಸೋಪಿನಿಂದ ಕೈ ತೊಳೆಯುತ್ತಿದ್ದಾರಾ?" ರೋಗಾಣುವಿಗಿಂತ ಪಕ್ಕದ ಸಿಂಕಿನಲ್ಲಿ ನಿಂತವರ ಕಣ್ಣಿಗೇ ನಾವು ಜಾಸ್ತಿ ಹೆದರುತ್ತೇವೆ ಅಂತಾಯಿತು!

ಇದರಿಂದ ಒಂದು ತಿರುವು ಹುಟ್ಟುತ್ತದೆ. "ಯಾರೂ ಮಾಸ್ಕ್ ಹಾಕ್ತಿಲ್ಲ, ಜನಕ್ಕೆ ಬುದ್ಧಿ ಇಲ್ಲ" ಅಂತ ಟಿವಿಯಲ್ಲಿ ಬೈದರೆ, ಬೈಗುಳದ ಜೊತೆಗೆ ಒಂದು ಮಾಹಿತಿಯೂ ತಲುಪುತ್ತದೆ: ಯಾರೂ ಹಾಕುತ್ತಿಲ್ಲ. ಕೇಳಿದವನು ಹಿಡಿದುಕೊಳ್ಳುವುದು ಎರಡನೆಯದನ್ನು.

## ಆರುನೂರು ಹಳ್ಳಿಗಳ ಪ್ರಯೋಗ

ಇಷ್ಟೆಲ್ಲ ವಾದಗಳನ್ನು ಒಟ್ಟಿಗೆ ನೆಲಕ್ಕಿಳಿಸಿ ನೋಡಿದ್ದು ಬಾಂಗ್ಲಾದೇಶದಲ್ಲಿ. 2020ರ ಕೊನೆಯಿಂದ 2021ರವರೆಗೆ, 600 ಹಳ್ಳಿಗಳು, ಮೂರು ಲಕ್ಷ ನಲವತ್ತು ಸಾವಿರದಷ್ಟು ವಯಸ್ಕರು. ಅರ್ಧದಷ್ಟು ಹಳ್ಳಿಗಳಲ್ಲಿ ಏನೂ ಮಾಡಲಿಲ್ಲ. ಉಳಿದವುಗಳಲ್ಲಿ ಮನೆಮನೆಗೆ ಹೋಗಿ ಮಾಸ್ಕ್ ಪುಕ್ಕಟೆ ಕೊಟ್ಟರು, ಒಂದು ಸಣ್ಣ ವಿಡಿಯೊ ತೋರಿಸಿದರು, ಮಸೀದಿಯಲ್ಲಿ ಇಮಾಮರ ಬಾಯಲ್ಲಿ ಹೇಳಿಸಿದರು, ಊರಿನ ಮುಖ್ಯಸ್ಥರು ತಾವೂ ಹಾಕಿಕೊಂಡು ತೋರಿಸಿದರು. ಇದರ ಜೊತೆಗೆ, ಸಂತೆ ಮಸೀದಿಗಳ ಹತ್ತಿರ ಕಾರ್ಯಕರ್ತರು ನಿಂತು, ಮಾಸ್ಕ್ ಇಲ್ಲದೆ ಬಂದವರನ್ನು ನಿಲ್ಲಿಸಿ, ಹಾಕಿಕೊಳ್ಳಿ ಅಂತ ಕೇಳುತ್ತಿದ್ದರು. ಮಾಸ್ಕ್ ಇಲ್ಲ ಅಂದರೆ ಅಲ್ಲೇ ಒಂದು ಕೈಗಿಡುತ್ತಿದ್ದರು. ದಂಡ ಇಲ್ಲ, ಜೋರಿಲ್ಲ. ಎಷ್ಟು ಜನ ಹಾಕಿದ್ದಾರೆ ಅಂತ ಎಣಿಸಲು ಬೇರೆಯವರೇ ಇದ್ದರು, ತಮ್ಮ ಗುರುತು ಬಿಟ್ಟುಕೊಡದೆ.

ಸುಮ್ಮನೆ ಬಿಟ್ಟ ಹಳ್ಳಿಗಳಲ್ಲಿ ಸರಿಯಾಗಿ ಮಾಸ್ಕ್ ಹಾಕಿದವರು 13%. ಪ್ರಯೋಗದ ಹಳ್ಳಿಗಳಲ್ಲಿ 42%. ಮಾಸ್ಕ್ ಹಾಕಿದವರು ಧೈರ್ಯ ಜಾಸ್ತಿಯಾಗಿ ಮೈಮೇಲೆ ಬಿದ್ದು ಓಡಾಡುತ್ತಾರೆ ಅನ್ನುವ ಆತಂಕ ಇತ್ತಲ್ಲ, ಅದು ಸುಳ್ಳಾಯಿತು. ಅಂತರ ಕಾಯುವವರೂ 24%ರಿಂದ 29%ಕ್ಕೆ ಏರಿದರು.

ಇನ್ನೂ ಸ್ವಾರಸ್ಯ ಇರುವುದು ಕೆಲಸ ಮಾಡದ ಪಟ್ಟಿಯಲ್ಲಿ. ಮೊಬೈಲ್ ಸಂದೇಶದ ನೆನಪು, ಮಾಸ್ಕ್ ಹಾಕುತ್ತೇವೆ ಅಂತ ಮನೆ ಬಾಗಿಲಿಗೆ ಅಂಟಿಸಿದ ಫಲಕ, ಊರಿಗೆ ಬಹುಮಾನ, "ಬೇರೆಯವರನ್ನು ಉಳಿಸಿ" ಅನ್ನುವ ಕರೆ. ಮೇಲಿನ ಮೂಲ ಕೆಲಸಗಳು ಆಗಿದ್ದಲ್ಲಿ ಇವುಗಳಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಎದುರಿಗೆ ನಿಂತು ಕೇಳುವವರು ಇಲ್ಲದಿದ್ದಾಗ ಮಾತ್ರ ಫಲ ತುಂಬಾ ಕುಗ್ಗಿತು.

ಲಕ್ಷಣವಿದ್ದ ಸೋಂಕು ಸುಮಾರು 9% ಕಡಿಮೆಯಾಯಿತು ಅಂತ ಈ ತಂಡ ವರದಿ ಮಾಡಿತು. ಈ ಅಂಕಿಯ ಮೇಲೆ ಕೆಲವು ಸಂಖ್ಯಾಶಾಸ್ತ್ರಜ್ಞರ ತಕರಾರಿದೆ, ಎರಡು ಗುಂಪಿನ ಹಳ್ಳಿಗಳಲ್ಲಿ ಅಧ್ಯಯನಕ್ಕೆ ಸೇರಿಕೊಂಡವರ ಸಂಖ್ಯೆಯೇ ಬೇರೆಬೇರೆ ಇತ್ತು ಅನ್ನುವುದು ಅವರ ಮಾತು. ಅದು ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಪ್ರಶ್ನೆ ಜನ ಯಾಕೆ ಬದಲಾಗುತ್ತಾರೆ ಅನ್ನುವುದು, ಅದಕ್ಕೆ 13%, 42% ಸಾಕಷ್ಟು ಗಟ್ಟಿ ಉತ್ತರ.

## ಕಡ್ಡಾಯ ಮಾಡಬೇಕಾ, ಬೇಡವಾ

ಇಲ್ಲಿ ಎರಡು ಬಣಗಳಿವೆ. ಕಾನೂನು ಇಲ್ಲದೆ ಏನೂ ನಡೆಯಲ್ಲ ಅನ್ನುವವರು, ಬಲವಂತ ಮಾಡಿದರೆ ಜನ ತಿರುಗಿ ಬೀಳುತ್ತಾರೆ ಅನ್ನುವವರು. ಇಬ್ಬರ ಬಳಿಯೂ ಸಾಕ್ಷಿ ಇದೆ.

ಜರ್ಮನಿಯಲ್ಲಿ 2020ರಲ್ಲಿ ಸುಮಾರು ಏಳು ಸಾವಿರ ಜನರನ್ನು ಕೇಳಿ ನಡೆಸಿದ ಅಧ್ಯಯನದಲ್ಲಿ, ಮಾಸ್ಕ್ ಕಡ್ಡಾಯವಾದ ಮೇಲೆ ಬಳಕೆ ಏರಿದ್ದು ಕಂಡಿತು. ಜೊತೆಗೆ, ಐಚ್ಛಿಕ ನಿಯಮಕ್ಕಿಂತ ಕಡ್ಡಾಯವೇ ನ್ಯಾಯವಾದದ್ದು ಅಂತ ಜನರಿಗೆ ಅನ್ನಿಸಬಹುದು ಅನ್ನುವುದೂ ಹೊರಬಂತು. ಕಾರಣ ಅರ್ಥವಾಗುವಂಥದ್ದೇ. ಐಚ್ಛಿಕ ಅಂದಾಗ ಹಾಕಿದವನಿಗೆ ಹೆದರುಪುಕ್ಕಲ ಅನ್ನುವ ಹೆಸರು, ಹಾಕದವನಿಗೆ ಸ್ವಾರ್ಥಿ ಅನ್ನುವ ಹೆಸರು. ಎಲ್ಲರಿಗೂ ಒಂದೇ ನಿಯಮ ಬಂದರೆ ಈ ತಂಟೆ ಇಲ್ಲ. ಅಂದರೆ ಕಾನೂನು ದಂಡದಿಂದಷ್ಟೇ ಕೆಲಸ ಮಾಡುವುದಿಲ್ಲ, ಇಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಅನ್ನುವ ಸೂಚನೆಯಾಗಿಯೂ ಮಾಡುತ್ತದೆ.

ಫ್ರಾನ್ಸ್‌ನಲ್ಲಿ 2021ರ ಜುಲೈ 12ರಂದು ಅಧ್ಯಕ್ಷ ಮ್ಯಾಕ್ರನ್, ಹೋಟೆಲು ಸಿನಿಮಾಗಳಿಗೆ ಹೋಗಲು ಆರೋಗ್ಯ ಪಾಸ್ (ಲಸಿಕೆ ಆಗಿದೆ ಅಥವಾ ಸೋಂಕಿಲ್ಲ ಅನ್ನುವಂಥ ದಾಖಲೆ) ಬೇಕು ಅಂತ ಘೋಷಿಸಿದರು. ಒಂದು ದಿನದೊಳಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಲಸಿಕೆಗೆ ಬುಕ್ ಮಾಡಿದರು. ಹಲವು ದೇಶಗಳನ್ನು ಹೋಲಿಸಿದ ಅಧ್ಯಯನದಲ್ಲಿ ಫ್ರಾನ್ಸ್, ಇಟಲಿ, ಇಸ್ರೇಲ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಇಂಥ ಪಾಸ್‌ನಿಂದ ಲಸಿಕೆ ಏರಿದ್ದು ಕಂಡಿತು, ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಕಾಣಲಿಲ್ಲ. ಆದರೆ ಫ್ರಾನ್ಸ್‌ನಲ್ಲೇ ಬೀದಿ ಪ್ರತಿಭಟನೆಗಳೂ ನಡೆದವು, ಚುಚ್ಚಿಸಿಕೊಂಡವರಲ್ಲೂ ಅನೇಕರ ಸಂಶಯ ಹಾಗೇ ಉಳಿಯಿತು. ಕಡ್ಡಾಯ ಇದೊಂದು ಸಲ ಕೆಲಸ ಮಾಡಿತು, ನಿಜ. ಮುಂದಿನ ಡೋಸ್‌ಗೆ ಅದೇ ಮನುಷ್ಯ ತಾನಾಗಿ ಬರುತ್ತಾನಾ ಅನ್ನುವುದು ಬೇರೆ ಮಾತು.

ದುಡ್ಡಿನ ಆಮಿಷದ ಕಥೆ ಚಿಕ್ಕದು. ಸ್ವೀಡನ್‌ನ ಪ್ರಯೋಗವೊಂದರಲ್ಲಿ ಲಸಿಕೆ ಪಡೆದರೆ 200 ಕ್ರೋನಾ ಖಚಿತ ಅಂದಾಗ ಪ್ರಮಾಣ ನಾಲ್ಕು ಶೇಕಡಾವಾರು ಅಂಶ ಏರಿತು. ಅಮೆರಿಕದ ಒಹಾಯೊ ರಾಜ್ಯ ಹತ್ತು ಲಕ್ಷ ಡಾಲರಿನ ಲಾಟರಿಗಳನ್ನೇ ಇಟ್ಟಿತು, ನಂತರದ ಅಧ್ಯಯನಗಳಲ್ಲಿ ಹೆಚ್ಚಿನವಕ್ಕೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

## ನಂಬಿಕೆ ಎಲ್ಲಿ ಸೋರಿತು

2020ರ ಆರಂಭದಲ್ಲಿ ಆರೋಗ್ಯ ಸಂಸ್ಥೆಗಳು ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲ ಅಂದವು. ಏಪ್ರಿಲ್ 3ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಬಟ್ಟೆ ಮಾಸ್ಕ್ ಹಾಕಿ ಅಂದಿತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಸಲಹೆ ಬದಲಿಸಿತು. ಪುರಾವೆ ಬದಲಾದಾಗ ಸಲಹೆ ಬದಲಾಗಲೇಬೇಕು. ತೊಂದರೆ ಇದ್ದದ್ದು ಮೊದಲ ಸಲಹೆಯನ್ನು "ಸದ್ಯಕ್ಕೆ ನಮಗೆ ತಿಳಿದಷ್ಟು" ಅಂತ ಹೇಳದೆ ಖಚಿತ ಸತ್ಯದಂತೆ ಹೇಳಿದ್ದರಲ್ಲಿ. ಆಸ್ಪತ್ರೆ ಸಿಬ್ಬಂದಿಗೆ ಮಾಸ್ಕ್ ಸಾಲದು ಅನ್ನುವ ಚಿಂತೆಯೂ ಅದರ ಜೊತೆ ಬೆರೆತಿತ್ತು.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯಿಂದ 2023ರ ಜನವರಿಯಲ್ಲಿ ಬಂದ ವಿಮರ್ಶೆಯ ಕಥೆಯೂ ಹೀಗೇ. 78 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಅದು, ಸಮುದಾಯದಲ್ಲಿ ಮಾಸ್ಕ್ ಹಂಚಿ ಪ್ರೋತ್ಸಾಹಿಸುವುದರಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಅಂದಿತು, ಪುರಾವೆಗಳ ದೌರ್ಬಲ್ಯವನ್ನೂ ಹೇಳಿತು. ಅದು "ಮಾಸ್ಕ್ ಕೆಲಸ ಮಾಡಲ್ಲ" ಅಂತ ಸುದ್ದಿಯಾಯಿತು. ಆ ಅರ್ಥ ತಪ್ಪು, ದಾರಿ ತಪ್ಪಿಸುವಂಥದ್ದು ಅಂತ ಕಾಕ್ರೇನ್‌ನ ಪ್ರಧಾನ ಸಂಪಾದಕಿಯೇ ಮಾರ್ಚ್‌ನಲ್ಲಿ ಸ್ಪಷ್ಟನೆ ಕೊಡಬೇಕಾಯಿತು. ಆ ಪ್ರಯೋಗಗಳಲ್ಲಿ ಹಲವದರಲ್ಲಿ ಮಾಸ್ಕ್ ಕೊಟ್ಟರೂ ಜನ ಸರಿಯಾಗಿ ಹಾಕಿರಲಿಲ್ಲ. ಹಾಕಿಕೊಳ್ಳದ ಮಾಸ್ಕ್ ಕೆಲಸ ಮಾಡುವುದಿಲ್ಲ ಅನ್ನುವುದಕ್ಕೆ ಸಂಶೋಧನೆಯೇ ಬೇಕಿಲ್ಲ, ಅಲ್ವಾ? ಯಾಕೆ ಹಾಕಿಕೊಳ್ಳಲಿಲ್ಲ ಅನ್ನುವುದಕ್ಕೆ ಬೇಕು.

ನಂಬಿಕೆಯ ತೂಕ ಎಷ್ಟು ಅನ್ನುವುದಕ್ಕೆ 2022ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 177 ದೇಶಗಳ ವಿಶ್ಲೇಷಣೆ ಇದೆ. ಸಾಂಕ್ರಾಮಿಕಕ್ಕೆ ಎಷ್ಟು ಸಿದ್ಧ ಅಂತ ಮೊದಲೇ ಅಳೆದಿಟ್ಟಿದ್ದ ಸೂಚ್ಯಂಕಗಳಿಗೂ ಸೋಂಕಿಗೂ ನಂಟು ಸಿಗಲಿಲ್ಲ. ಸರ್ಕಾರದ ಮೇಲೆ ಮತ್ತು ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೆಚ್ಚಿದ್ದ ದೇಶಗಳಲ್ಲಿ ಸೋಂಕು ಕಡಿಮೆ ಇತ್ತು. ಇದು ನಂಟು ಮಾತ್ರ, ಕಾರಣ ಅಂತ ಸಾಬೀತಾಗಿಲ್ಲ. ಆದರೆ ಪಶ್ಚಿಮ ಆಫ್ರಿಕಾದ ಎಬೋಲಾ ಕಾಲದಲ್ಲಿ ಇದೇ ವಿಷಯ ಕಣ್ಣಿಗೆ ಕಾಣುವಂತೆ ನಡೆದಿತ್ತು. ಮೈತುಂಬ ಮುಚ್ಚಿಕೊಂಡ ತಂಡಗಳು ಶವಗಳನ್ನು ಒಯ್ದು ಹೂಳುತ್ತಿದ್ದಾಗ ಜನ ಸತ್ತವರನ್ನು ಬಚ್ಚಿಟ್ಟು ಗುಟ್ಟಾಗಿ ಹೂಳಿದರು. ಶವ ಮುಟ್ಟುವುದರಿಂದ ಸೋಂಕು ಇನ್ನಷ್ಟು ಹರಡಿತು. 2014ರ ನವೆಂಬರ್‌ನಲ್ಲಿ ಬಂದ ಹೊಸ ಕ್ರಮದಲ್ಲಿ ಮನೆಯವರಿಗೆ, ಧರ್ಮಗುರುಗಳಿಗೆ ಜಾಗ ಕೊಟ್ಟರು, ಪ್ರಾರ್ಥನೆಗೆ ಅವಕಾಶ ಕೊಟ್ಟರು. ರೋಗ ಅದೇ, ಜನ ಅವರೇ. ಕೇಳುವ ರೀತಿ ಬದಲಾದ ಮೇಲೆ ಒಪ್ಪುವುದು ಸುಲಭವಾಯಿತು.

## ಮುಂದೆ ಏನಾಗಬಹುದು

ಒಂದು ಎಚ್ಚರಿಕೆ ಮೊದಲು. ಮೇಲೆ ಹೇಳಿದ್ದರಲ್ಲಿ ಸಮೀಕ್ಷೆಗಳೆಲ್ಲ ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಕೈ ತೊಳೀತೀರಾ ಅಂತ ಕೇಳಿದರೆ ಇಲ್ಲ ಅನ್ನುವವರು ವಿರಳ. ಸೆನ್ಸರ್ ಇಟ್ಟು, ದೂರ ನಿಂತು ಎಣಿಸಿದ ಅಧ್ಯಯನಗಳು ಕಡಿಮೆ, ಅದಕ್ಕೇ ಅವುಗಳ ಮಾತಿಗೆ ಇಲ್ಲಿ ಜಾಸ್ತಿ ಜಾಗ.

ಹೊಸ ರೋಗ ಬಂದಾಗ ಮೊದಲ ಕೆಲವು ವಾರ ಜನ ತಾವಾಗಿಯೇ ಹೆದರಿ ಎಚ್ಚರ ವಹಿಸುತ್ತಾರೆ. ಆ ಹೊತ್ತನ್ನು ಇನ್ನಷ್ಟು ಹೆದರಿಸಲು ಬಳಸಿದರೆ, ಭಯ ಇಳಿದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದೇ ಹೊತ್ತಲ್ಲಿ ಮಾಸ್ಕ್ ಕೈಗೆ ಸಿಕ್ಕರೆ, ಸೋಂಕು ಪರೀಕ್ಷೆಗೆ ಹೋದರೆ ರಜೆ, ಸಂಬಳದ ಚಿಂತೆ ಇಲ್ಲದಿದ್ದರೆ, ಊರವರು ಗೌರವಿಸುವ ನಾಲ್ಕು ಜನ ಹಾಕಿಕೊಂಡು ಓಡಾಡಿದರೆ, ಅಭ್ಯಾಸ ನೆಲೆಯೂರುತ್ತದೆ. ಆಮೇಲೆ ಕಾನೂನು ಬಂದರೂ ಅದು ಆಗಲೇ ನಡೆಯುತ್ತಿರುವುದನ್ನು ಗಟ್ಟಿ ಮಾಡುತ್ತದೆಯೇ ಹೊರತು ಹೊಸ ಜಗಳ ಹುಟ್ಟಿಸುವುದಿಲ್ಲ.

ಹಾಗೆ ಆಗುತ್ತದೆ ಅಂತ ನನಗೆ ಅಷ್ಟೇನೂ ಭರವಸೆ ಇಲ್ಲ. ಪೋಸ್ಟರ್ ಮುದ್ರಿಸುವುದು ಸುಲಭ, ದಂಡದ ಲೆಕ್ಕ ಕೊಡುವುದೂ ಸುಲಭ. ಸಂತೆಯಲ್ಲಿ ನಿಂತು ಸಮಾಧಾನದಿಂದ ಕೇಳಲು ಸಾವಿರಾರು ಜನ ಬೇಕು, ಅವರಿಗೆ ಸಂಬಳ ಬೇಕು, ಅವರನ್ನು ರೋಗ ಬರುವ ಮೊದಲೇ ಹುಡುಕಿ ಇಟ್ಟಿರಬೇಕು. ಮಾಸ್ಕ್ ದಾಸ್ತಾನು ಸಾಲದೆ ಬಂದರೆ, 2020ರಂತೆಯೇ, "ಎಲ್ಲರಿಗೂ ಬೇಕಿಲ್ಲ" ಅಂತ ಹೇಳಿಬಿಡುವ ಆಸೆಯೂ ಮತ್ತೆ ಹುಟ್ಟುತ್ತದೆ. ಆಗ "ಬೇಕು, ಆದರೆ ಸದ್ಯ ಎಲ್ಲರಿಗೂ ಸಾಲುವಷ್ಟು ಇಲ್ಲ, ಮೊದಲು ಆಸ್ಪತ್ರೆಯವರಿಗೆ" ಅಂತ ನೇರವಾಗಿ ಹೇಳಿದ ದೇಶಕ್ಕೆ, ಮೂರು ತಿಂಗಳ ನಂತರ ಲಸಿಕೆಯ ಬಗ್ಗೆ ಮಾತಾಡುವಾಗ ಕೇಳುವವರು ಸ್ವಲ್ಪ ಜಾಸ್ತಿ ಇರುತ್ತಾರೆ.